ಒಂದು ಸಾಲು ತಿದ್ದಿದರೆ ಇಡೀ ತಂತ್ರಾಂಶವನ್ನು ಮತ್ತೆ ಕಟ್ಟಬೇಕೆ?

ಕೆನಡಾದ ವ್ಯಾಂಕೂವರ್ ನಗರದಲ್ಲಿ 2024ರ ಮಾರ್ಚ್ 21ರಂದು, ಪೌನ್‌ಟುಓನ್ ಎಂಬ ಭದ್ರತಾ ಸ್ಪರ್ಧೆಯ ಎರಡನೆಯ ದಿನ, ಮ್ಯಾನ್‌ಫ್ರೆಡ್ ಪೌಲ್ ಎಂಬ ಸಂಶೋಧಕರು ಫೈರ್‌ಫಾಕ್ಸ್ ಬ್ರೌಸರಿನ ಎರಡು ದೋಷಗಳನ್ನು ಒಂದಕ್ಕೊಂದು ಜೋಡಿಸಿ ಅದರ ರಕ್ಷಣಾ ವ್ಯವಸ್ಥೆಯನ್ನು ಭೇದಿಸಿ ತೋರಿಸಿದರು. ಮರುದಿನವೇ, ಅಂದರೆ ಮಾರ್ಚ್ 22ರಂದು, ಆ ದೋಷಗಳನ್ನು ತಿದ್ದಿದ 124.0.1 ಆವೃತ್ತಿಯನ್ನು ಮೊಝಿಲ್ಲಾ ಬಿಡುಗಡೆ ಮಾಡಿತು.

ಸುದ್ದಿ ಇಷ್ಟೇ. ಆದರೆ ಆ ಒಂದು ದಿನದೊಳಗೆ ಏನೇನು ನಡೆಯಬೇಕಾಯಿತು ಎಂಬುದನ್ನು ಯೋಚಿಸಿದರೆ ಬೆರಗಾಗುತ್ತದೆ. ಇಂಥ ದೋಷಗಳ ತಿದ್ದುಪಡಿ ಹಲವು ಬಾರಿ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಆದರೆ ಫೈರ್‌ಫಾಕ್ಸಿನ ಆಕರ ಸಂಕೇತ, ಅಂದರೆ ಸೋರ್ಸ್ ಕೋಡ್, ಕೋಟಿ ಸಾಲುಗಳನ್ನೂ ಮೀರಿದ್ದು. ತಿದ್ದಿದ ಸಾಲುಗಳು ಬಳಕೆದಾರನ ಗಣಕವನ್ನು ತಲುಪಬೇಕಾದರೆ ಆ ರಾಶಿಯೆಲ್ಲವೂ ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್‌ಗಳಿಗೆ ಪ್ರತ್ಯೇಕವಾಗಿ ಯಂತ್ರಭಾಷೆಗೆ ಪರಿವರ್ತಿತವಾಗಬೇಕು, ಪರೀಕ್ಷೆಗೆ ಒಳಪಡಬೇಕು, ಕಟ್ಟು ಕಟ್ಟಿ ಸಹಿ ಬೀಳಬೇಕು. ದೋಷ ಬಯಲಾದ ಘಳಿಗೆಯಿಂದ ತಿದ್ದುಪಡಿ ಜನರ ಕೈಸೇರುವವರೆಗಿನ ಅಂತರದಲ್ಲಿ ಈ ಯಂತ್ರಗಳ ದುಡಿಮೆಯ ಪಾಲು ಚಿಕ್ಕದಲ್ಲ. ಆ ಅಂತರ ಹೆಚ್ಚಿದಷ್ಟೂ ಕಳ್ಳನಿಗೆ ಕಾಲಾವಕಾಶ.

ಆಕರ ಸಂಕೇತದಿಂದ ಚಲಾಯಿಸಬಲ್ಲ ತಂತ್ರಾಂಶವನ್ನು ಸಿದ್ಧಪಡಿಸುವ ಈ ಪ್ರಕ್ರಿಯೆಗೆ ತಂತ್ರಜ್ಞರು ಬಿಲ್ಡ್ ಎನ್ನುತ್ತಾರೆ. ಯಾರಾದರೂ ಬದಲಾವಣೆ ಸೇರಿಸಿದೊಡನೆ ಮನುಷ್ಯರ ನೆರವಿಲ್ಲದೆ ಬಿಲ್ಡ್ ತಾನಾಗಿ ನಡೆಯುವಂತೆ ಮಾಡುವುದು ಇಂದು ಎಲ್ಲ ದೊಡ್ಡ ಯೋಜನೆಗಳ ವಾಡಿಕೆ. ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿ ದುಡಿಯುವವರಿಗೆ ಬಿಲ್ಡ್ ಮುಗಿಯುವುದನ್ನು ಕಾಯುತ್ತ ಕಾಫಿ ಹೀರುವುದು ಹೊಸ ಅನುಭವವೇನಲ್ಲ. ಆ ಕಾಯುವಿಕೆಯನ್ನು ಕಡಿತಗೊಳಿಸುವುದು ಹೇಗೆ ಎಂಬ ಪ್ರಶ್ನೆಗೆ ಐವತ್ತು ವರ್ಷಗಳ ಇತಿಹಾಸವಿದೆ. ವೇಗದ ಯಂತ್ರ ಕೊಂಡುತರುವುದು ಅದಕ್ಕಿರುವ ಉತ್ತರಗಳಲ್ಲಿ ಒಂದು ಮಾತ್ರ, ಮತ್ತು ಬಹುಶಃ ಅತ್ಯಂತ ನೀರಸವಾದದ್ದು. ಯಾವ ಕೆಲಸವನ್ನು ಮಾಡದೆಯೇ ಬಿಡಬಹುದು ಎಂಬುದನ್ನು ತಪ್ಪಿಲ್ಲದೆ ಕಂಡುಕೊಳ್ಳುವುದರಲ್ಲಿಯೇ ನಿಜವಾದ ಗಳಿಕೆ ಅಡಗಿದೆ. ಇಲ್ಲಿ ಒತ್ತು ಬೀಳಬೇಕಾದದ್ದು "ತಪ್ಪಿಲ್ಲದೆ" ಎಂಬ ಮಾತಿಗೆ.

ಹಾಳಾದ ಒಂದು ಬೆಳಗು

ದಿನಪತ್ರಿಕೆಯ ಮುದ್ರಣವನ್ನು ನೆನಪಿಸಿಕೊಂಡರೆ ವಿಷಯ ಸುಲಭವಾದೀತು. ಮೂರನೆಯ ಪುಟದಲ್ಲಿ ತಪ್ಪೊಂದು ಕಂಡರೆ ಆ ಪುಟದ ಪ್ಲೇಟನ್ನಷ್ಟೇ ಹೊಸದಾಗಿ ತಯಾರಿಸುತ್ತಾರೆ. ಉಳಿದ ಪುಟಗಳ ಪ್ಲೇಟುಗಳನ್ನು ಮುಟ್ಟುವುದಿಲ್ಲ. ತಂತ್ರಾಂಶವೂ ಸಾವಿರಾರು ಕಡತಗಳಲ್ಲಿ ಹರಡಿಕೊಂಡಿರುತ್ತದೆ. ಕಂಪೈಲರ್ ಎಂಬ ಪ್ರೋಗ್ರಾಮ್ ಒಂದೊಂದು ಕಡತವನ್ನೂ ಬಿಡಿಬಿಡಿಯಾಗಿ ಯಂತ್ರಭಾಷೆಗೆ ತಿರುಗಿಸುತ್ತದೆ. ಹಾಗೆ ತಿರುಗಿಸಿದ ತುಣುಕುಗಳನ್ನೆಲ್ಲ ಲಿಂಕರ್ ಎಂಬ ಇನ್ನೊಂದು ಪ್ರೋಗ್ರಾಮ್ ಕೊನೆಯಲ್ಲಿ ಹೊಲಿದು ಒಂದಾಗಿಸುತ್ತದೆ. ಬದಲಾಗದ ಕಡತಗಳ ತುಣುಕುಗಳು ಮೊದಲೇ ಸಿದ್ಧವಿದ್ದರೆ ಅವನ್ನು ಮತ್ತೆ ತಯಾರಿಸುವ ಅಗತ್ಯವಿಲ್ಲ.

ಈ ತತ್ವವನ್ನು ಯಂತ್ರಕ್ಕೆ ಕಲಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಬೆಳಗನ್ನೆಲ್ಲ ತಮ್ಮ ಪ್ರೋಗ್ರಾಮಿನ ದೋಷ ಹುಡುಕುವುದರಲ್ಲಿ ಕಳೆದಿದ್ದರು. ವಾಸ್ತವವಾಗಿ ದೋಷವನ್ನು ಅವರು ಆಗಲೇ ತಿದ್ದಿಯಾಗಿತ್ತು. ತಿದ್ದಿದ ಕಡತವನ್ನು ಕಂಪೈಲ್ ಮಾಡುವುದೊಂದು ಮರೆತುಹೋಗಿತ್ತು. ವಿಧಿಯನ್ನು ಶಪಿಸುತ್ತ ಅವರು ಫೆಲ್ಡ್‌ಮನ್ ಕೊಠಡಿಗೆ ನುಗ್ಗಿದರಂತೆ. ಅದರ ಫಲವಾಗಿ 1976ರಲ್ಲಿ "ಮೇಕ್" ಎಂಬ ಉಪಕರಣ ಹುಟ್ಟಿಕೊಂಡಿತು. ಯಾವ ತುಣುಕು ಯಾವ ಕಡತವನ್ನು ಅವಲಂಬಿಸಿದೆ ಎಂಬ ಪಟ್ಟಿಯನ್ನು ಅದಕ್ಕೆ ಕೊಟ್ಟರೆ, ಕಡತಗಳ ಮೇಲಿನ ದಿನಾಂಕ ಮತ್ತು ವೇಳೆಯನ್ನು ಹೋಲಿಸಿ, ತುಣುಕಿಗಿಂತ ಮೂಲವೇ ಹೊಸದಾಗಿದ್ದಲ್ಲಿ ಮಾತ್ರ ಅದನ್ನು ಮತ್ತೆ ಕಂಪೈಲ್ ಮಾಡಿಸುತ್ತದೆ. ಈ ಕೆಲಸಕ್ಕಾಗಿ ಫೆಲ್ಡ್‌ಮನ್ ಅವರಿಗೆ 2003ರಲ್ಲಿ ಎಸಿಎಂ ಸಂಸ್ಥೆಯ ತಂತ್ರಾಂಶ ವ್ಯವಸ್ಥೆ ಪ್ರಶಸ್ತಿ ಸಂದಿತು.

ಮೇಕ್ ಬಳಸುವವರೆಲ್ಲ ಒಮ್ಮೆಯಾದರೂ ಬೈದುಕೊಂಡಿರುವ ನಿಯಮವೊಂದಿದೆ. ಆಜ್ಞೆಯ ಸಾಲು ಟ್ಯಾಬ್ ಅಕ್ಷರದಿಂದಲೇ ಆರಂಭವಾಗಬೇಕು. ಕಣ್ಣಿಗೆ ಹಾಗೆಯೇ ಕಾಣುವ ಖಾಲಿ ಜಾಗಗಳನ್ನು ಒತ್ತಿದರೆ ಅದು ಒಪ್ಪುವುದಿಲ್ಲ. ಇದು ತಪ್ಪಾಯಿತೆಂದು ಫೆಲ್ಡ್‌ಮನ್ ಅವರಿಗೆ ಕೆಲವೇ ವಾರಗಳಲ್ಲಿ ಅರಿವಾಗಿತ್ತು. ಆದರೆ ಆಗಲೇ ಹನ್ನೆರಡರಷ್ಟು ಮಂದಿ ಅದನ್ನು ಬಳಸುತ್ತಿದ್ದರೆಂದೂ, ಅವರಿಗೆ ತೊಂದರೆಯಾಗದಿರಲೆಂದು ಹಾಗೆಯೇ ಬಿಟ್ಟೆನೆಂದೂ ಅವರು ಮುಂದೆ ಹೇಳಿಕೊಂಡಿದ್ದಾರೆ. ಅಂದಿನ ಹನ್ನೆರಡು ಮಂದಿಯ ಮೇಲಿನ ದಾಕ್ಷಿಣ್ಯವನ್ನು ಇಂದು ಲಕ್ಷಾಂತರ ಮಂದಿ ಅನುಭವಿಸುತ್ತಿದ್ದಾರೆ.

8 ಗಿಗಾಬೈಟ್ ಓದಿಸಿದ 4 ಮೆಗಾಬೈಟ್

ಬದಲಾದ ಕಡತವನ್ನು ಮಾತ್ರ ಕಂಪೈಲ್ ಮಾಡಿದರೆ ಸಾಕು ಎನ್ನುವುದು ಕೇಳಲು ಸರಳ. ಆದರೆ ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳಲ್ಲಿ ಯಾವ ಕಡತವೂ ಒಂಟಿಯಲ್ಲ. ಇತರ ಭಾಗಗಳ ಪರಿಚಯ ಹೇಳುವ ಹೆಡರ್ ಎಂಬ ಕಡತಗಳನ್ನು ಅದು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಆ ಹೆಡರ್‌ಗಳು ಮತ್ತಷ್ಟು ಹೆಡರ್‌ಗಳನ್ನು ಕರೆತರುತ್ತವೆ. ಮದುವೆಗೆ ಒಬ್ಬರನ್ನು ಕರೆದರೆ ಅವರ ಬಳಗವೆಲ್ಲ ಬಂದಂತೆ. ಪ್ರತಿ ಕಡತಕ್ಕೂ ಈ ಬಳಗವನ್ನು ಕಂಪೈಲರ್ ಮೊದಲಿನಿಂದ ಓದಬೇಕು.

ಈ ಪಿಡುಗು ಎಷ್ಟು ಬೆಳೆಯಬಲ್ಲದು ಎಂಬುದಕ್ಕೆ ಗೂಗಲ್ ಸಂಸ್ಥೆಯ ರಾಬ್ ಪೈಕ್ 2012ರಲ್ಲಿ ಮಂಡಿಸಿದ ಅಂಕಿಅಂಶಗಳು ಸಾಕ್ಷಿ. ಆ ಸಂಸ್ಥೆಯ ಎಂಜಿನಿಯರುಗಳು 2007ರಲ್ಲಿ ದೊಡ್ಡ ಪ್ರೋಗ್ರಾಮೊಂದರ ಬಿಲ್ಡನ್ನು ಅಳೆದು ನೋಡಿದರು. ಅದರಲ್ಲಿದ್ದದ್ದು ಸುಮಾರು 2,000 ಕಡತಗಳು, ಒಟ್ಟು ಗಾತ್ರ 4.2 ಮೆಗಾಬೈಟ್. ಹೆಡರ್‌ಗಳೆಲ್ಲ ಬಿಚ್ಚಿಕೊಂಡ ಮೇಲೆ ಕಂಪೈಲರ್ ಓದಬೇಕಾಗಿ ಬಂದದ್ದು 8 ಗಿಗಾಬೈಟಿಗೂ ಹೆಚ್ಚು. ಬರೆದ ಒಂದಕ್ಷರಕ್ಕೆ ಎರಡು ಸಾವಿರ ಅಕ್ಷರಗಳ ಓದು! ಕೆಲಸವನ್ನು ಹಲವು ಯಂತ್ರಗಳಿಗೆ ಹಂಚಿಕೊಟ್ಟ ಮೇಲೂ ಆ ಬಿಲ್ಡ್ 45 ನಿಮಿಷ ತೆಗೆದುಕೊಳ್ಳುತ್ತಿತ್ತು. ಪೈಕ್, ರಾಬರ್ಟ್ ಗ್ರೀಸೆಮರ್ ಮತ್ತು ಕೆನ್ ಥಾಂಪ್ಸನ್ ಸೇರಿ ಗೋ ಎಂಬ ಹೊಸ ಭಾಷೆಯನ್ನೇ ರೂಪಿಸಲು ಹೊರಟದ್ದಕ್ಕೆ ಈ ಕಾಯುವಿಕೆಯ ಬೇಸರವೂ ಒಂದು ಕಾರಣ.

ಎಲ್ಲರೂ ಹೊಸ ಭಾಷೆ ಸೃಷ್ಟಿಸಲಾರರಷ್ಟೆ. ಫೈರ್‌ಫಾಕ್ಸ್ ತಂಡ 2013ರಲ್ಲಿ ಕಂಡುಕೊಂಡ ದಾರಿ ಹೆಚ್ಚು ಲೌಕಿಕವಾದದ್ದು. ಹತ್ತಾರು ಕಡತಗಳನ್ನು ಒಂದರ ಕೆಳಗೊಂದು ಅಂಟಿಸಿ ಒಂದೇ ಕಡತವೆಂಬಂತೆ ಕಂಪೈಲರಿಗೆ ಒಪ್ಪಿಸುವ ಕ್ರಮವದು. ಸಾಮಾನ್ಯವಾಗಿ ಒಂದು ಕಂತೆಗೆ 16 ಕಡತಗಳು. ಹದಿನಾರೂ ಕಡತಗಳಿಗೆ ಬೇಕಾದ ಒಂದೇ ಬಳಗವನ್ನು ಹದಿನಾರು ಸಲ ಓದುವ ಬದಲು ಒಮ್ಮೆ ಓದಿದರಾಯಿತು. ಇದಕ್ಕೆ ಏಕೀಕೃತ ಬಿಲ್ಡ್ ಎಂದು ಹೆಸರು.

ಆದರೆ ಬೆಲೆ ತೆರದೆ ಬಂದ ವೇಗವಲ್ಲ ಇದು. ಕಂತೆಯ ಮೂರನೆಯ ಕಡತ ತನಗೆ ಬೇಕಾದ ಹೆಡರನ್ನು ಹೇಳಿಕೊಳ್ಳಲು ಮರೆತಿದ್ದರೂ ಎರಡನೆಯದು ಅದನ್ನು ತಂದಿರುವುದರಿಂದ ತಪ್ಪು ಮುಚ್ಚಿಹೋಗುತ್ತದೆ. ಯಾರೋ ಒಬ್ಬರು ಎಲ್ಲೋ ಒಂದು ಹೊಸ ಕಡತ ಸೇರಿಸಿದಾಗ ಕಂತೆಗಳ ಗಡಿ ಸರಿದು, ಸಂಬಂಧವೇ ಇಲ್ಲದ ಬೇರೊಂದು ಕಡತ ಇದ್ದಕ್ಕಿದ್ದಂತೆ ಕಂಪೈಲ್ ಆಗದೆ ನಿಲ್ಲುತ್ತದೆ. ತಪ್ಪು ಮಾಡಿದವರು ಒಬ್ಬರು, ದಂಡ ತೆರುವವರು ಮತ್ತೊಬ್ಬರು. ಅದಲ್ಲದೆ ಒಂದು ಕಡತ ತಿದ್ದಿದರೂ ಹದಿನಾರನ್ನೂ ಮತ್ತೆ ಕಂಪೈಲ್ ಮಾಡಬೇಕು. ಇಡೀ ತಂತ್ರಾಂಶವನ್ನು ಹೊಸದಾಗಿ ಕಟ್ಟುವ ಸ್ವಯಂಚಾಲಿತ ಯಂತ್ರಗಳಿಗೆ ಇದು ಲಾಭ. ಒಂದೇ ಕಡತದೊಡನೆ ದಿನವಿಡೀ ಗುದ್ದಾಡುವವರಿಗೆ ಅಷ್ಟೇನೂ ಅಲ್ಲ.

ಮರೆಯದ ನೆನಪು

ಇಲ್ಲೊಂದು ತೊಡಕಿದೆ. ಮೇಕ್ ಉಪಕರಣದ ಜಾಣತನವೆಲ್ಲ ಹಿಂದಿನ ಸಲ ಕಟ್ಟಿದ ತುಣುಕುಗಳು ಅದೇ ಗಣಕದಲ್ಲಿ ಉಳಿದಿವೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಆದರೆ ಸ್ವಯಂಚಾಲಿತ ಬಿಲ್ಡ್ ನಡೆಯುವುದು ಹೆಚ್ಚಾಗಿ ಬಾಡಿಗೆಗೆ ಪಡೆದ, ಆ ಕ್ಷಣಕ್ಕೆ ಎದ್ದು ನಿಂತು ಕೆಲಸ ಮುಗಿದೊಡನೆ ಅಳಿಸಿಹೋಗುವ ಯಂತ್ರಗಳಲ್ಲಿ. ಅವುಗಳಿಗೆ ನಿನ್ನೆಯ ನೆನಪಿಲ್ಲ. ಅಲ್ಲಿ ಎಲ್ಲ ಕಡತಗಳೂ ಈಗತಾನೇ ಇಳಿಸಿಕೊಂಡವು; ಎಲ್ಲದರ ದಿನಾಂಕವೂ ಇಂದಿನದೇ.

ಇದಕ್ಕೆ ಪರಿಹಾರದ ಬೀಜ 2002ರಲ್ಲಿ ಆಸ್ಟ್ರೇಲಿಯಾದಿಂದ ಬಂದಿತು. ಸಾಂಬಾ ತಂತ್ರಾಂಶದ ಕರ್ತೃವೆಂದು ಹೆಸರಾದ ಆಂಡ್ರ್ಯೂ ಟ್ರಿಜೆಲ್ ಬರೆದ ಸಿಕ್ಯಾಷ್ ಎಂಬ ಉಪಕರಣ ದಿನಾಂಕವನ್ನು ನೆಚ್ಚುವುದಿಲ್ಲ. ಕಡತದೊಳಗಿನ ಪಠ್ಯವನ್ನು ನೋಡುತ್ತದೆ. ಹೆಡರ್‌ಗಳನ್ನೆಲ್ಲ ಬಿಚ್ಚಿದ ಪಠ್ಯ, ಕಂಪೈಲರಿಗೆ ಕೊಟ್ಟ ಆಯ್ಕೆಗಳು, ಕಂಪೈಲರ್ ಯಾವ ಆವೃತ್ತಿಯದು ಎಂಬ ವಿವರ, ಇವೆಲ್ಲವನ್ನೂ ಅರೆದು ಬೆರಳಚ್ಚಿನಂಥ ಒಂದು ಸಂಖ್ಯೆಯನ್ನು ತೆಗೆಯುತ್ತದೆ. ಅದೇ ಬೆರಳಚ್ಚಿನ ಫಲಿತಾಂಶ ತನ್ನ ಉಗ್ರಾಣದಲ್ಲಿದ್ದರೆ ಕಂಪೈಲರನ್ನು ಎಬ್ಬಿಸದೆ ಅದನ್ನೇ ಎತ್ತಿ ಕೊಡುತ್ತದೆ. ಮೊಝಿಲ್ಲಾ ಇದೇ ಕಲ್ಪನೆಯನ್ನು ವಿಸ್ತರಿಸಿ ಎಸ್‌ಸಿಕ್ಯಾಷ್ ಎಂಬ ಉಪಕರಣವನ್ನು ರೂಪಿಸಿಕೊಂಡಿತು. ಅದರ ಉಗ್ರಾಣ ಒಂದು ಗಣಕದಲ್ಲಿರದೆ ಅಂತರ್ಜಾಲದ ಸಾಮಾನ್ಯ ಸಂಗ್ರಹದಲ್ಲಿರಬಹುದು. ಹೀಗಾಗಿ ಒಂದು ಯಂತ್ರ ಬೆಳಗ್ಗೆ ಕಂಪೈಲ್ ಮಾಡಿದ್ದನ್ನು ಅದರ ಪರಿಚಯವೇ ಇಲ್ಲದ ಮತ್ತೊಂದು ಯಂತ್ರ ಮಧ್ಯಾಹ್ನ ಬಳಸಿಕೊಳ್ಳಬಹುದು.

ಈ ವ್ಯವಸ್ಥೆಯನ್ನು ಕೆಡಿಸುವ ಸಂಗತಿಗಳು ಹಾಸ್ಯಾಸ್ಪದವೆನಿಸುವಷ್ಟು ಸಣ್ಣವು. ಪ್ರೋಗ್ರಾಮನ್ನು ಕಟ್ಟಿದ ದಿನಾಂಕ ಮತ್ತು ವೇಳೆ ಅದರೊಳಗೇ ಮುದ್ರಿತವಾಗಿರಲಿ ಎಂದು ಯಾರೋ ಹಿಂದೆಂದೋ ಒಂದು ಸಾಲು ಬರೆದಿರುತ್ತಾರೆ. ಅಷ್ಟರಿಂದ ಪ್ರತಿ ಸೆಕೆಂಡಿಗೂ ಫಲಿತಾಂಶ ಬೇರೆಯಾಗಿ, ಆ ಕಡತದ ಮಟ್ಟಿಗೆ ಉಗ್ರಾಣ ನಿರರ್ಥಕವಾಗುತ್ತದೆ. ಕಡತವಿರುವ ಫೋಲ್ಡರಿನ ಪೂರ್ಣ ವಿಳಾಸ ಒಳಸೇರಿದರೂ ಅಷ್ಟೇ. ಯಂತ್ರ ಬದಲಾದರೆ ವಿಳಾಸ ಬದಲು, ಬೆರಳಚ್ಚೂ ಬದಲು. ಬಿಲ್ಡ್ ನಿಧಾನವಾಯಿತೆಂದು ದೂರು ಬಂದಾಗ ಅನುಭವಿಗಳು ಹೊಸ ಯಂತ್ರಕ್ಕೆ ಬೇಡಿಕೆ ಸಲ್ಲಿಸುವ ಮುನ್ನ ಇಂಥ ಸಾಲುಗಳನ್ನು ಹುಡುಕುತ್ತಾರೆ.

ಇದಕ್ಕಿಂತ ಗಂಭೀರವಾದದ್ದು ನಂಬಿಕೆಯ ಪ್ರಶ್ನೆ. ಉಗ್ರಾಣಕ್ಕೆ ಯಾರಾದರೂ ವಿಷ ಬೆರೆಸಿದರೆ? ಆಕರ ಸಂಕೇತವನ್ನು ಎಷ್ಟು ಪರಿಶೀಲಿಸಿದರೂ ಏನೂ ಕಾಣದು, ಆದರೆ ಹೊರಬರುವ ತಂತ್ರಾಂಶ ಮಾತ್ರ ಕೆಟ್ಟಿರುತ್ತದೆ. ಇದು ಬರಿಯ ಭೀತಿಯಲ್ಲ. ಸೋಲಾರ್‌ವಿಂಡ್ಸ್ ಸಂಸ್ಥೆಯ ಒರಾಯನ್ ತಂತ್ರಾಂಶದ ಪ್ರಕರಣ 2020ರ ಡಿಸೆಂಬರಿನಲ್ಲಿ ಬಯಲಾದಾಗ, ದಾಳಿಕೋರರು ಬಿಲ್ಡ್ ನಡೆಯುವ ಹೊತ್ತಿನಲ್ಲಿಯೇ ಕಡತವೊಂದನ್ನು ಬದಲಿಸಿದ್ದರೆಂಬುದು ತಿಳಿದುಬಂದಿತ್ತು. ಅಲ್ಲಿ ಉಗ್ರಾಣದ ಪಾತ್ರವಿರಲಿಲ್ಲವಾದರೂ ಬಿಲ್ಡ್ ಯಂತ್ರವೇ ಗುರಿಯಾಗಬಲ್ಲದು ಎಂಬುದು ಎಲ್ಲರಿಗೂ ಮನದಟ್ಟಾಯಿತು. ಯಾರು ಬೇಕಾದರೂ ಪ್ರಯೋಗ ಮಾಡಿ ನೋಡಬಹುದಾದ ಬಿಲ್ಡ್‌ಗಳ ಉಗ್ರಾಣವನ್ನೂ, ಬಿಡುಗಡೆಗೆ ಸಂಬಂಧಿಸಿದ ಬಿಲ್ಡ್‌ಗಳ ವ್ಯವಸ್ಥೆಯನ್ನೂ ಮೊಝಿಲ್ಲಾ ಬೇರೆಬೇರೆ ವಿಶ್ವಾಸದ ಹಂತಗಳಾಗಿ ಪ್ರತ್ಯೇಕಿಸಿಟ್ಟಿರುವುದರ ಹಿಂದೆ ಇಂಥ ಎಚ್ಚರವಿದೆ.

ಇನ್ನೂ ಒಂದು ಕುತೂಹಲದ ವಿವರ. ಫೈರ್‌ಫಾಕ್ಸ್ ಆಕರ ಸಂಕೇತದ ಬೇರಿನಲ್ಲಿಯೇ "ಕ್ಲಾಬರ್" ಎಂಬ ಪುಟ್ಟ ಕಡತವೊಂದಿದೆ. ಅದನ್ನು ಬದಲಿಸಿದರೆ ಹಳೆಯ ತುಣುಕುಗಳನ್ನೆಲ್ಲ ಎಸೆದು ಮೊದಲಿನಿಂದ ಕಟ್ಟಬೇಕು ಎಂಬ ಸೂಚನೆ ಎಲ್ಲರ ಗಣಕಗಳಿಗೂ ಹೋಗುತ್ತದೆ. ಬದಲಿಸುವವರು ಏಕೆ ಹಾಗೆ ಮಾಡಬೇಕಾಯಿತು ಎಂದು ಅದರಲ್ಲಿಯೇ ಬರೆಯಬೇಕು. ಅವಲಂಬನೆಯ ಪಟ್ಟಿ ಎಲ್ಲೋ ಒಂದೆಡೆ ತಪ್ಪಬಹುದು, ಅಂದು ಉಳಿತಾಯವೆಲ್ಲ ಬಿಟ್ಟು ಪೂರ್ತಿ ಕೆಲಸ ಮಾಡಲೇಬೇಕು ಎಂಬುದನ್ನು ವ್ಯವಸ್ಥೆ ತಾನೇ ಒಪ್ಪಿಕೊಂಡು ಮಾಡಿಟ್ಟಿರುವ ಏರ್ಪಾಡಿದು.

ಹತ್ತು ಬಾಣಸಿಗರು, ಒಂದೇ ಹಿಟ್ಟು

ಕೆಲಸವನ್ನು ಹಂಚಿಕೊಂಡರೆ ಬೇಗ ಮುಗಿಯುವುದಿಲ್ಲವೆ? ಮುಗಿಯುತ್ತದೆ, ಒಂದು ಮಿತಿಯವರೆಗೆ. ಟ್ರಿಜೆಲ್ ಅವರ ನಾಡಿನವರೇ ಆದ ಮಾರ್ಟಿನ್ ಪೂಲ್ ಅದೇ 2002ರಲ್ಲಿ ಡಿಸ್ಟ್‌ಸಿಸಿ ಎಂಬ ಉಪಕರಣ ಬರೆದು, ಕಚೇರಿಯಲ್ಲಿ ಸುಮ್ಮನಿರುವ ಗಣಕಗಳಿಗೆಲ್ಲ ಕಂಪೈಲ್ ಕೆಲಸ ಹಂಚುವುದನ್ನು ಸುಲಭಗೊಳಿಸಿದರು. ಆದರೆ ಇಡ್ಲಿಗೆ ರುಬ್ಬಿದ ಹಿಟ್ಟು ಹುದುಗಲು ಒಂದು ರಾತ್ರಿ ಬೇಕೆಂದರೆ ಹತ್ತು ಮಂದಿ ಬಾಣಸಿಗರು ಬಂದರೂ ಒಂದು ರಾತ್ರಿಯೇ ಬೇಕು. ಒಂದು ಗಂಟೆಯ ಬಿಲ್ಡಿನಲ್ಲಿ 50 ನಿಮಿಷ ಹಂಚಬಹುದಾದ ಕೆಲಸ, 10 ನಿಮಿಷ ಹಂಚಲಾಗದ ಕೆಲಸ ಎಂದಿಟ್ಟುಕೊಳ್ಳೋಣ. ಐವತ್ತು ಯಂತ್ರಗಳನ್ನು ಹೂಡಿದರೆ 11 ನಿಮಿಷ. ಐನೂರು ಹೂಡಿದರೂ ಹತ್ತು ನಿಮಿಷಕ್ಕಿಂತ ಕೆಳಗಿಳಿಯದು. ಗಣಕ ವಿಜ್ಞಾನಿ ಜೀನ್ ಆಮ್ಡಾಲ್ 1967ರಲ್ಲಿಯೇ ಈ ಮಿತಿಯನ್ನು ಎತ್ತಿ ತೋರಿಸಿದ್ದರು.

ಬಿಲ್ಡಿನಲ್ಲಿ ಹುದುಗುವ ಹಿಟ್ಟಿನ ಸ್ಥಾನ ಲಿಂಕರಿನದು. ಎಲ್ಲ ತುಣುಕುಗಳೂ ಬಂದ ಮೇಲೆಯೇ ಅದರ ಕೆಲಸ ಆರಂಭ. ಹೊಲಿಗೆ ನಡೆಯುವುದು ಒಂದೇ ಯಂತ್ರದಲ್ಲಿ. ಇದು ಫೈರ್‌ಫಾಕ್ಸಿಗೆ ದೊಡ್ಡ ಆಘಾತವನ್ನೇ ತಂದದ್ದು 2011ರ ಡಿಸೆಂಬರಿನಲ್ಲಿ. ವಿಂಡೋಸ್ ಆವೃತ್ತಿಯನ್ನು ಆಗ ವಿಶೇಷ ಕ್ರಮದಲ್ಲಿ ಕಟ್ಟಲಾಗುತ್ತಿತ್ತು. ಒಮ್ಮೆ ಕಟ್ಟಿ, ಚಲಾಯಿಸಿ, ಯಾವ ಭಾಗ ಹೆಚ್ಚು ಬಳಕೆಯಾಗುತ್ತದೆಂದು ಗುರುತಿಸಿಕೊಂಡು, ಆ ಮಾಹಿತಿಯ ಆಧಾರದಲ್ಲಿ ಮತ್ತೊಮ್ಮೆ ಕಟ್ಟುವ ಕ್ರಮವದು. ಬಳಕೆದಾರನ ಕೈಯಲ್ಲಿ ಬ್ರೌಸರ್ ಚುರುಕಾಗಿ ಓಡಲೆಂದು ತಯಾರಕ ತಾನು ಹೆಚ್ಚು ಕಾಯುವುದು. ನಿಧಾನವೇ ಸರಿಯಾದ ಆಯ್ಕೆಯಾಗಿರುವ ಸಂದರ್ಭಗಳೂ ಇವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಆದರೆ ಮೈಕ್ರೋಸಾಫ್ಟಿನ 32 ಬಿಟ್ ಲಿಂಕರಿಗೆ ಆ ಯಂತ್ರಗಳಲ್ಲಿ ದೊರೆಯುತ್ತಿದ್ದ ಸ್ಮೃತಿಯ ಮಿತಿ 3 ಗಿಗಾಬೈಟ್. ಬೆಳೆಯುತ್ತಲೇ ಇದ್ದ ಫೈರ್‌ಫಾಕ್ಸ್ ಆ ಮಿತಿಯನ್ನು ಮುಟ್ಟಿತು. ಲಿಂಕರ್ ಕುಸಿದುಬಿತ್ತು. ಸಮಸ್ಯೆಗೆ ತಾತ್ಕಾಲಿಕ ಪರಿಹಾರ ಸಿಗುವವರೆಗೆ ಹೊಸ ಬದಲಾವಣೆಗಳನ್ನು ಸೇರಿಸಿಕೊಳ್ಳುವುದನ್ನೇ ತಡೆಹಿಡಿಯಬೇಕಾಯಿತು. ಬರೆದ ಸಂಕೇತದಲ್ಲಿ ದೋಷವಿಲ್ಲ, ಬರೆಯುವವರು ಸಿದ್ಧರಿದ್ದಾರೆ, ಆದರೆ ಕಟ್ಟಲು ಸಾಧ್ಯವಿಲ್ಲ ಎಂಬ ವಿಚಿತ್ರ ಪರಿಸ್ಥಿತಿ! ಮುಂದೆ 2018ರಲ್ಲಿ, 63ನೆಯ ಆವೃತ್ತಿಯಿಂದ, ವಿಂಡೋಸ್‌ಗೂ ಕ್ಲಾಂಗ್ ಎಂಬ ಮುಕ್ತ ಕಂಪೈಲರಿನಿಂದಲೇ ಫೈರ್‌ಫಾಕ್ಸನ್ನು ಕಟ್ಟುವ ಪದ್ಧತಿ ಬಂದಿತು.

ಲಿಂಕರುಗಳ ಕ್ಷೇತ್ರದಲ್ಲಿ ಈಚಿನ ವರ್ಷಗಳ ಪ್ರಗತಿ ಸೋಜಿಗ ತರುವಂಥದ್ದು. ಗೂಗಲ್‌ನಲ್ಲಿದ್ದ ಇಯಾನ್ ಲ್ಯಾನ್ಸ್ ಟೇಲರ್ 2008ರಲ್ಲಿ ಗೋಲ್ಡ್ ಎಂಬ ಲಿಂಕರನ್ನು ಹೊರತಂದಾಗ ಅದೇ ಮಹಾವೇಗವೆನಿಸಿತ್ತು. ರೂಯಿ ಉಯೆಯಾಮ ಮೊದಲು ಎಲ್‌ಎಲ್‌ಡಿ ಎಂಬ ಲಿಂಕರಿನ ಮೇಲೆ ದುಡಿದು, ಬಳಿಕ 2021ರಲ್ಲಿ ಮೋಲ್ಡ್ ಎಂಬುದನ್ನು ಬಿಡುಗಡೆ ಮಾಡಿದರು. ಅವರೇ ಪ್ರಕಟಿಸಿದ ಹೋಲಿಕೆಯ ಪ್ರಕಾರ ಕ್ರೋಮ್ ಬ್ರೌಸರಿನ 96ನೆಯ ಆವೃತ್ತಿಯನ್ನು ಹೊಲಿಯಲು ಗೋಲ್ಡ್ ಸುಮಾರು 54 ಸೆಕೆಂಡು, ಎಲ್‌ಎಲ್‌ಡಿ ಸುಮಾರು 12 ಸೆಕೆಂಡು, ಮೋಲ್ಡ್ 2 ಸೆಕೆಂಡಿಗಿಂತ ತುಸು ಹೆಚ್ಚು ತೆಗೆದುಕೊಂಡವು. ಹಂಚಲಾಗದೆಂದು ಕೈಬಿಟ್ಟಿದ್ದ ಹೊಲಿಗೆಯನ್ನೂ ಒಂದೇ ಯಂತ್ರದ ಹಲವು ಸಂಸ್ಕಾರಕ ಘಟಕಗಳ ನಡುವೆ ಹಂಚಲು ಸಾಧ್ಯವೆಂದು ಮೋಲ್ಡ್ ತೋರಿಸಿತು. ತಯಾರಕರೇ ಕೊಟ್ಟ ಅಂಕಿಗಳೆಂದು ಸ್ವಲ್ಪ ಕಳೆದುಕೊಂಡರೂ ಅಂತರ ದೊಡ್ಡದೇ.

ಏನೂ ಮಾಡದಿರಲು ಹತ್ತು ಸೆಕೆಂಡು

ಬಿಲ್ಡ್ ಆರಂಭಿಸುವ ಮುನ್ನ ಮಾಡಬೇಕಾದ ಕೆಲಸ ಏನೇನಿದೆ ಎಂದು ಲೆಕ್ಕ ಹಾಕುವುದಕ್ಕೂ ಕಾಲ ಹಿಡಿಯುತ್ತದೆ. ಕ್ರೋಮ್‌ನ ಮೂಲ ಯೋಜನೆಯಾದ ಕ್ರೋಮಿಯಮ್‌ನಲ್ಲಿ 30,000ಕ್ಕೂ ಹೆಚ್ಚು ಕಡತಗಳಿದ್ದ ಕಾಲದಲ್ಲಿ ಒಂದು ಕಡತ ತಿದ್ದಿ ಬಿಲ್ಡ್‌ಗೆ ಆಜ್ಞೆ ಕೊಟ್ಟರೆ, ನಿಜವಾದ ಕೆಲಸ ಶುರುವಾಗಲು ಹತ್ತು ಸೆಕೆಂಡು ಕಾಯಬೇಕಾಗಿತ್ತು. ಇದರಿಂದ ರೋಸಿದ ಇವಾನ್ ಮಾರ್ಟಿನ್ ನಿಂಜಾ ಎಂಬ ಉಪಕರಣ ಬರೆದು ಅದನ್ನು ಒಂದು ಸೆಕೆಂಡಿಗಿಂತ ಕೆಳಗಿಳಿಸಿದರು. ನಿಂಜಾದ ಗುಟ್ಟೆಂದರೆ ಅದು ಯೋಚಿಸುವುದಿಲ್ಲ. ತೀರ್ಮಾನಗಳನ್ನೆಲ್ಲ ಬೇರೊಂದು ಪ್ರೋಗ್ರಾಮ್ ಮೊದಲೇ ಮಾಡಿ ಉದ್ದನೆಯ ಪಟ್ಟಿಯಾಗಿ ಬರೆದಿಡುತ್ತದೆ. ನಿಂಜಾ ಅದನ್ನು ಓದಿ ಪಾಲಿಸುವುದಷ್ಟೇ.

ಫೈರ್‌ಫಾಕ್ಸಿನ ಸಂಕಟ ಇನ್ನೊಂದು ಬಗೆಯದು. ಪ್ರತಿ ಫೋಲ್ಡರಿಗೂ ಮೇಕ್ ಪ್ರತ್ಯೇಕವಾಗಿ ಇಳಿದು, ಅಲ್ಲಿಂದ ಅದರೊಳಗಿನ ಫೋಲ್ಡರಿಗಿಳಿದು ಸಾಗುವ ಹಳೆಯ ಪದ್ಧತಿ ಅಲ್ಲಿತ್ತು. ಹಾಗೆ ಮಾಡಿದರೆ ಯಾರ ಬಳಿಯೂ ಪೂರ್ಣ ಚಿತ್ರವಿರುವುದಿಲ್ಲ ಎಂದು ಪೀಟರ್ ಮಿಲ್ಲರ್ 1990ರ ದಶಕದಲ್ಲಿಯೇ ಒಂದು ಪ್ರಸಿದ್ಧ ಲೇಖನದಲ್ಲಿ ಎಚ್ಚರಿಸಿದ್ದರು. ಪೂರ್ಣ ಚಿತ್ರವಿಲ್ಲದಿದ್ದರೆ ಒಂದೋ ಬೇಡದ ಕೆಲಸ ನಡೆಯುತ್ತದೆ, ಇಲ್ಲವೇ ಬೇಕಾದದ್ದು ತಪ್ಪಿಹೋಗುತ್ತದೆ. ಮೊಝಿಲ್ಲಾ 2013ರಿಂದ ತನ್ನ ಬಿಲ್ಡ್ ವಿವರಗಳನ್ನು ಹೊಸ ಮಾದರಿಯ ಕಡತಗಳಿಗೆ ವರ್ಗಾಯಿಸತೊಡಗಿ, ಇಡೀ ಯೋಜನೆಯ ನಕ್ಷೆಯನ್ನು ಒಂದೆಡೆ ಹಿಡಿಯುವ ವ್ಯವಸ್ಥೆ ಮಾಡಿಕೊಂಡಿತು. ಸಾವಿರಾರು ಕಡತಗಳ ಈ ವರ್ಗಾವಣೆ ಬಹುಕಾಲ ನಡೆಯಿತು. ಇಂಥ ಕೆಲಸಕ್ಕೆ ಪ್ರಚಾರ ಸಿಗುವುದಿಲ್ಲ. ಬ್ರೌಸರಿನಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಒಂದೂ ಇರುವುದಿಲ್ಲ.

ದಿನಕ್ಕೆ 230 ಕೋಟಿ ಪರೀಕ್ಷೆ

ಕಟ್ಟಿದ್ದು ಮುಗಿದರೆ ಸಾಲದು, ಸರಿಯಾಗಿದೆಯೇ ಎಂದು ನೋಡಬೇಕು. ನೆಟ್‌ಸ್ಕೇಪ್ ಕಾಲದಿಂದಲೂ ಈ ಯೋಜನೆಯಲ್ಲಿ ಟಿಂಡರ್‌ಬಾಕ್ಸ್ ಎಂಬ ಫಲಕವಿತ್ತು. ಬಿಲ್ಡ್ ಯಶಸ್ವಿಯಾದರೆ ಹಸಿರು, ಪರೀಕ್ಷೆ ಸೋತರೆ ಕಿತ್ತಳೆ, ಬಿಲ್ಡೇ ಮುರಿದರೆ ಕೆಂಪು. ಕೆಂಪಾದಾಗ "ಮರಕ್ಕೆ ಬೆಂಕಿ ಬಿದ್ದಿದೆ" ಎನ್ನುತ್ತಿದ್ದರು. ಬೆಂಕಿ ಹಚ್ಚಿದವರನ್ನು ಪತ್ತೆಮಾಡಿ ಅವರ ಬದಲಾವಣೆಯನ್ನು ಹಿಂತೆಗೆಯುವವರಿಗೆ ಶೆರಿಫ್ ಎಂದು ಹೆಸರು. ಟಿಂಡರ್‌ಬಾಕ್ಸ್ ಹೋಗಿ ಬೇರೆ ವ್ಯವಸ್ಥೆಗಳು ಬಂದಿವೆಯಾದರೂ ಶೆರಿಫ್‌ಗಳ ಪದ್ಧತಿ ಉಳಿದುಕೊಂಡಿದೆ.

ಮೊಝಿಲ್ಲಾ ಎಂಜಿನಿಯರುಗಳು 2020ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಸುಮಾರು 85,000 ಪರೀಕ್ಷಾ ಕಡತಗಳು, ಸುಮಾರು 90 ಬಗೆಯ ಸಂಯೋಜನೆಗಳು, ದಿನಕ್ಕೆ ಸರಾಸರಿ 300 ಬಾರಿ ಬದಲಾವಣೆಗಳ ಸೇರ್ಪಡೆ. ಎಲ್ಲವನ್ನೂ ಪ್ರತಿ ಸಲ ಪರೀಕ್ಷಿಸಲು ಹೊರಟರೆ ದಿನವೊಂದಕ್ಕೆ 230 ಕೋಟಿ ಪರೀಕ್ಷಾ ಕಡತಗಳನ್ನು ಚಲಾಯಿಸಬೇಕು. ಯಾವ ಸಂಸ್ಥೆಯ ಬೊಕ್ಕಸಕ್ಕೂ ಅದು ತಾಳದು. ಹೀಗಾಗಿ ಹಿಂದೆ ಯಾವ ಬಗೆಯ ಬದಲಾವಣೆಗೆ ಯಾವ ಪರೀಕ್ಷೆ ಸೋತಿತ್ತು ಎಂಬ ದಾಖಲೆಗಳನ್ನು ಗಣಕಕ್ಕೆ ಕಲಿಸಿ, ಹೊಸ ಬದಲಾವಣೆಗೆ ಯಾವ ಪರೀಕ್ಷೆಗಳು ಸೋಲುವ ಸಂಭವವಿದೆಯೋ ಅವನ್ನಷ್ಟೇ ಆರಿಸುವ ಏರ್ಪಾಡು ಮಾಡಲಾಯಿತು.

ಇಲ್ಲಿ ಉಳಿತಾಯದ ಸ್ವರೂಪವೇ ಬೇರೆ ಎಂಬುದನ್ನು ಮರೆಯಬಾರದು. ಸಿಕ್ಯಾಷ್ ಕಂಪೈಲ್ ಕೆಲಸ ಬಿಟ್ಟಾಗ ಉತ್ತರ ಅದೇ ಬರುತ್ತದೆಂಬ ಖಾತರಿ ಇತ್ತು. ಪರೀಕ್ಷೆ ಬಿಟ್ಟಾಗ ಇರುವುದು ಸಂಭವದ ಲೆಕ್ಕ ಮಾತ್ರ, ದೋಷವೊಂದು ನುಸುಳಿಹೋಗಬಹುದು. ಆದ್ದರಿಂದ ನಿಯತ ಅಂತರದಲ್ಲಿ ಪರೀಕ್ಷೆಗಳನ್ನು ವ್ಯಾಪಕವಾಗಿ ನಡೆಸಲಾಗುತ್ತದೆ. ಅಲ್ಲಿ ಸೋಲು ಕಂಡರೆ ಹಿಂದಕ್ಕೆ ಸಾಗಿ, ಬಿಟ್ಟುಹೋಗಿದ್ದ ಪರೀಕ್ಷೆಗಳನ್ನು ಮತ್ತೆ ಮಾಡಿಸಿ, ತಪ್ಪಿತಸ್ಥ ಬದಲಾವಣೆಯನ್ನು ಶೆರಿಫ್‌ಗಳು ಹಿಡಿಯುತ್ತಾರೆ. ಮೊದಲೇ ಹಿಡಿಯಬೇಕೆಂಬ ಹಟ ಬಿಟ್ಟು ತಡವಾದರೂ ಹಿಡಿಯುತ್ತೇವೆ ಎಂಬ ಒಪ್ಪಂದವಿದು.

ಕಾಯುವ ಮನುಷ್ಯ

ಇಷ್ಟೆಲ್ಲ ಪರದಾಟ ಏಕೆ ಎಂಬ ಪ್ರಶ್ನೆ ಬರಬಹುದು. ಕೆಂಟ್ ಬೆಕ್ ತಮ್ಮ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಪದ್ಧತಿಯ ವಿವರಣೆಯಲ್ಲಿ, ಬಿಲ್ಡ್ ಮತ್ತು ಪರೀಕ್ಷೆ ಸೇರಿ ಹತ್ತು ನಿಮಿಷ ಮೀರಬಾರದು ಎಂದು 2004ರಲ್ಲಿ ಬರೆದರು. ಅದಕ್ಕಿಂತ ಹೆಚ್ಚಾದರೆ ಜನ ಅದನ್ನು ಆಗಾಗ ನಡೆಸುವುದನ್ನೇ ಬಿಡುತ್ತಾರೆ ಎಂಬುದು ಅವರ ವಾದ. ಕಾಯುವಾಗ ಮನಸ್ಸು ಬೇರೆಡೆ ಹೋಗುತ್ತದೆ. ಮರಳಿದಾಗ ಏನು ಮಾಡುತ್ತಿದ್ದೆವು ಎಂಬುದೇ ಮರೆತಿರುತ್ತದೆ. ಹಲವು ಬದಲಾವಣೆಗಳನ್ನು ಒಟ್ಟಿಗೆ ಸೇರಿಸಿ ಒಂದೇ ಸಲ ಪರೀಕ್ಷಿಸುವ ಚಟ ಬೆಳೆಯುತ್ತದೆ. ಸೋತಾಗ ತಪ್ಪು ಯಾವುದರದೆಂದು ತಿಳಿಯದು.

ಇದರ ಇನ್ನೊಂದು ಮುಖ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಫೈರ್‌ಫಾಕ್ಸಿನಂಥ ಮುಕ್ತ ತಂತ್ರಾಂಶಕ್ಕೆ ಯಾರು ಬೇಕಾದರೂ ಕೊಡುಗೆ ನೀಡಬಹುದು ಎನ್ನುತ್ತಾರೆ. ಆದರೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಮೊದಲ ಬಿಲ್ಡ್‌ಗೇ ಹಲವು ಗಂಟೆ ಹಿಡಿದರೆ ಆ ಆಹ್ವಾನಕ್ಕೆ ಅರ್ಥವೆಲ್ಲಿದೆ? ವಿದ್ಯುತ್ ಕೈಕೊಟ್ಟರಂತೂ ಮುಗಿಯಿತು. ಮೊಝಿಲ್ಲಾ ಇದಕ್ಕಾಗಿ ಆರ್ಟಿಫ್ಯಾಕ್ಟ್ ಬಿಲ್ಡ್ ಎಂಬ ದಾರಿಯನ್ನು ತೆರೆದಿದೆ. ಬ್ರೌಸರಿನ ಗುಂಡಿ, ಪಟ್ಟಿಗಳಂಥ ಹೊರಮೈಯನ್ನು ಮಾತ್ರ ತಿದ್ದುವವರು ಸಿ ಪ್ಲಸ್ ಪ್ಲಸ್ ಭಾಗವನ್ನು ಕಂಪೈಲ್ ಮಾಡಲೇಬೇಕಾಗಿಲ್ಲ. ಸಂಸ್ಥೆಯ ಯಂತ್ರಗಳು ಆಗಲೇ ಕಟ್ಟಿಟ್ಟ ತುಣುಕುಗಳನ್ನು ಇಳಿಸಿಕೊಂಡು ತಮ್ಮ ಭಾಗವನ್ನು ಅದಕ್ಕೆ ಜೋಡಿಸಿದರೆ ಕೆಲವೇ ನಿಮಿಷಗಳಲ್ಲಿ ಬ್ರೌಸರ್ ಸಿದ್ಧ. ಬಿಲ್ಡ್ ವೇಗದ ವಿಷಯದಲ್ಲಿ ನಡೆದಿರುವ ಕೆಲಸಗಳಲ್ಲಿ ಅತ್ಯಂತ ಪ್ರಜಾಸತ್ತಾತ್ಮಕವಾದದ್ದು ಇದೇ ಎನ್ನಲಡ್ಡಿಯಿಲ್ಲ.

ಇದೇ ಜಾಣ್ಮೆ ಭಾಷೆಗಳ ವಿಷಯದಲ್ಲಿಯೂ ಕಾಣುತ್ತದೆ. ಫೈರ್‌ಫಾಕ್ಸ್ ಕನ್ನಡವೂ ಸೇರಿದಂತೆ ನೂರರ ಆಸುಪಾಸಿನ ಭಾಷೆಗಳಲ್ಲಿ ದೊರೆಯುತ್ತದೆ. ಪ್ರತಿ ಭಾಷೆಗೂ ಪ್ರತ್ಯೇಕ ಬಿಲ್ಡ್ ಮಾಡಿದ್ದರೆ ವ್ಯಾಂಕೂವರ್ ಸ್ಪರ್ಧೆಯ ಮರುದಿನ ಬಿಡುಗಡೆ ಕನಸಾಗಿಯೇ ಉಳಿಯುತ್ತಿತ್ತು. ಕನ್ನಡದ ಫೈರ್‌ಫಾಕ್ಸನ್ನು ಯಾವ ಕಂಪೈಲರೂ ಪ್ರತ್ಯೇಕವಾಗಿ ಕಟ್ಟುವುದಿಲ್ಲ. ಇಂಗ್ಲಿಷಿನಲ್ಲಿ ಒಮ್ಮೆ ಕಟ್ಟಿದ್ದನ್ನು ಬಿಚ್ಚಿ, ಪರದೆಯ ಮೇಲೆ ಕಾಣುವ ಪದಗಳ ಜಾಗದಲ್ಲಿ ಸ್ವಯಂಸೇವಕರು ಅನುವಾದಿಸಿದ ಕನ್ನಡ ಪದಗಳನ್ನಿರಿಸಿ, ಮತ್ತೆ ಕಟ್ಟು ಕಟ್ಟಲಾಗುತ್ತದೆ. ಹಾಗೆ ಸಿದ್ಧವಾದದ್ದು ಬಳಕೆದಾರನ ಗಣಕಕ್ಕೆ ಬರುವಾಗಲೂ ಪೂರ್ತಿಯಾಗಿ ಬರಬೇಕಾಗಿಲ್ಲ. ಅವನಲ್ಲಿರುವುದು ಇತ್ತೀಚಿನ ಆವೃತ್ತಿಯಾಗಿದ್ದರೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಲೆಕ್ಕ ಹಾಕಿ ತಯಾರಿಸಿದ ಸಣ್ಣ ಕಡತ ಬರುತ್ತದೆ. ಉಳಿದ ಜೋಡಣೆ ಬ್ರೌಸರನ್ನು ಮತ್ತೆ ತೆರೆಯುವ ಹೊತ್ತಿನಲ್ಲಿ ಅವನ ಗಣಕದಲ್ಲಿಯೇ ನಡೆದುಹೋಗುತ್ತದೆ.